ಏಪ್ರನ್ನಿನ ದಾರ

ಅಮ್ಮಾ,

ನಿಘಂಟು ಕಚೇರಿಯಲ್ಲಿ ಇವತ್ತು ನನ್ನ ಪಾಲಿಗೆ ಬಂದದ್ದು ಇಂಗ್ಲಿಷಿನ ಒಂದು ನುಡಿಗಟ್ಟು: ‘ಏಪ್ರನ್ನಿನ ದಾರ ಕತ್ತರಿಸುವುದು’. ಹಿಂದೆ ಮಕ್ಕಳು, ಅಡುಗೆ ಮಾಡುವಾಗ ಅಮ್ಮ ಸೀರೆ ಕೊಳೆಯಾಗದಂತೆ ಸೊಂಟಕ್ಕೆ ಕಟ್ಟಿಕೊಳ್ಳುವ ಏಪ್ರನ್ನಿನ ದಾರ ಹಿಡಿದೇ ಓಡಾಡುತ್ತಿದ್ದರಂತೆ. ಅದನ್ನು ಬಿಟ್ಟು ಸ್ವತಂತ್ರವಾಗಿ ಬದುಕುವುದು ಎಂದು ಅರ್ಥ ಬರೆದೆ.

ಸಂಜೆ ಕೋಣೆಗೆ ಬಂದರೆ ಹಾಕಿದ ಬೀಗ ಹಾಕಿದಂತೆಯೇ ಇತ್ತು. ನೀಲಿ ಅಂಗಿಯ ಉದುರಿದ ಗುಂಡಿ ಮಾತ್ರ ಅಂಗಿಗೆ ಮರಳಿತ್ತು. “ಯಾರೂ ಬಂದಿಲ್ಲ ಕಣಮ್ಮಾ,” ಅಂದರು ಮನೆಯೊಡತಿ, ನನ್ನ ಮುಖ ನೋಡದೆ. ನೀನೂ ಹಾಗೇ ಅಂತೀಯ, ಗೊತ್ತು. ಗುಂಡಿಯ ಬುಡಕ್ಕೆ ಮೂರು ಸುತ್ತು ಸುತ್ತಿ ದಾರವನ್ನು ಹಲ್ಲಲ್ಲಿ ಕಡಿಯುವವರು ಇನ್ಯಾರಿದ್ದಾರೆ?

ನಿನ್ನ ಹತ್ತಿರವಿರುವ ನನ್ನ ಕೋಣೆಯ ಇನ್ನೊಂದು ಬೀಗದಕೈಯನ್ನು ಮನೆಯೊಡತಿಗೆ ಕೊಟ್ಟುಬಿಡು.

ಭಾನುವಾರ ಕೊಟ್ಟರೆ ಸಾಕು. ಅಲ್ಲಿಯವರೆಗೆ ಬೂದು ಕೋಟು ಕುರ್ಚಿಯ ಮೇಲೇ ಇರುತ್ತದೆ. ಅದರ ಗುಂಡಿಯನ್ನು ಈಗಷ್ಟೇ ನಾನೇ ಕಿತ್ತೆ.

ಇಂತಿ,
ನಿನ್ನ ಮಗಳು