ಪ್ರಶ್ನೆ ಕೇಳುವಾಗ ಬಾಗಿಲು ಮುಚ್ಚಿ

ಅಂಗವಿಕಲರ ಸೇವಾ ಇಲಾಖೆಯ ಮಾನ್ಯ ನಿರ್ದೇಶಕರೇ,

ನನ್ನ ಅಣ್ಣನ 'ಜೀವನ ಗುಣಮಟ್ಟ ಉತ್ತಮವಾಗಿದೆ' ಎಂದು ಪತ್ರ ಬರೆದು ತಿಳಿಸಿದ್ದೀರಿ. ಆ ಕಾರಣಕ್ಕೆ, ದಿನವೂ ಬಂದು ಅವನನ್ನು ಹಾಸಿಗೆಯಿಂದ ಎತ್ತಿ, ಸ್ನಾನ ಮಾಡಿಸಿ, ಗಾಲಿಕುರ್ಚಿಯಲ್ಲಿ ಅವನ ಟೈಲರ್ ಅಂಗಡಿಗೆ ಕರೆದೊಯ್ದು ದಿನವಿಡೀ ಜೊತೆಗಿರುತ್ತಿದ್ದ ಸಹಾಯಕನನ್ನು ಹಿಂದಕ್ಕೆ ಕರೆಸಿಕೊಂಡಿದ್ದೀರಿ. ಪತ್ರದ ಕೊನೆಯಲ್ಲಿ ಅಭಿನಂದನೆಯೂ ಇದೆ. ಅರವತ್ತೆರಡು ವರ್ಷಗಳಲ್ಲಿ ಸರ್ಕಾರ ಅವನನ್ನು ಅಭಿನಂದಿಸಿದ್ದು ಇದೇ ಮೊದಲು.

ಈ ತೀರ್ಮಾನ ಹೇಗಾಯಿತೆಂದು ನನಗೆ ಗೊತ್ತು. ಅಂದು ನಾನೂ ಅಲ್ಲೇ ಇದ್ದೆ. ನಿಮ್ಮ ಸಮೀಕ್ಷಕಿ ಸೌಜನ್ಯದ ಹೆಣ್ಣುಮಗಳು, ಅವರ ಮೇಲೆ ದೂರಿಲ್ಲ. ನಡುಮನೆಯಲ್ಲಿ ಕುಳಿತು ಪ್ರಶ್ನೆಗಳನ್ನು ಓದಿದರು. ಅಣ್ಣನ ಸೊಸೆ ಟೀ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಸ್ನಾನ, ಶೌಚ ಎಲ್ಲಾ ನೀವೇ ಮಾಡ್ಕೋತೀರಾ?"

ಅಣ್ಣ ಸೊಸೆಯ ಕಡೆ ನೋಡಲಿಲ್ಲ. "ಮತ್ತಿನ್ಯಾರು ಮಾಡ್ತಾರಮ್ಮಾ? ಎಲ್ಲಾ ನಾನೇ."

"ಹಾಗಾದ್ರೆ ಸಹಾಯಕರು ಬರ್ತಾರಲ್ಲ?"

"ಪಾಪ, ಅವನಿಗೂ ಹೊತ್ತು ಹೋಗ್ಬೇಕಲ್ವಾ! ಹರಟೆ ಹೊಡೆಯೋಕೆ ಬರ್ತಾನೆ."

"ನಮಗಿಂತ ನೀವೇ ಗಟ್ಟಿ ಬಿಡಿ ಅಜ್ಜಾ," ಎಂದು ನಗುತ್ತ ಅವರು ಗುರುತು ಹಾಕಿಕೊಂಡರು. ನಾವೆಲ್ಲ ನಕ್ಕೆವು. ಅಲ್ಲಿ ನಾನು ಬಾಯಿ ತೆರೆಯದೆ ಇದ್ದದ್ದು ತಪ್ಪು.

ಏಕೆ ತೆರೆಯಲಿಲ್ಲ? ನಮ್ಮಿಬ್ಬರದೂ ಒಂದೇ ಕಾಯಿಲೆ. ಸ್ನಾಯು ವರ್ಷವರ್ಷಕ್ಕೂ ಸವೆಯುತ್ತದೆ. ಅಣ್ಣ ನನಗಿಂತ ಹದಿನೈದು ವರ್ಷ ಮುಂದಿದ್ದಾನೆ, ಅಷ್ಟೇ. ಇಪ್ಪತ್ತೈದರಲ್ಲಿ ಕೆಲಸದ ಸಂದರ್ಶನದಲ್ಲಿ "ಮೆಟ್ಟಿಲು ಹತ್ತುತ್ತೀಯಾ?" ಎಂದು ಕೇಳಿದಾಗ "ಓಹೋ" ಎಂದವನು ನಾನು. ಎರಡು ವರ್ಷ, ಬೇರೆಯವರಿಗಿಂತ ಅರ್ಧ ಗಂಟೆ ಮೊದಲೇ ಹೋಗಿ, ಮೂರು ಮಹಡಿಯನ್ನು ಕುಳಿತು ಕುಳಿತೇ ಹತ್ತಿದೆ. ಆ ವಯಸ್ಸಿನಲ್ಲಿ ಸುಳ್ಳು ನನಗೆ ಕೆಲಸ ಕೊಡಿಸಿತು. ಅರವತ್ತೆರಡರಲ್ಲಿ ಅದೇ ಸುಳ್ಳು ಅಣ್ಣನಿಗಿದ್ದ ಒಂದು ಆಸರೆಯನ್ನೂ ಕಸಿದುಕೊಂಡಿತು. ನಿಮ್ಮ ಪ್ರಶ್ನಾವಳಿಗೆ ಮಾತ್ರ ಎಲ್ಲ ವಯಸ್ಸಿನವರೂ ಒಂದೇ. ಮನೆಯ ಹೆಣ್ಣುಮಗಳ ಎದುರು, ತಮ್ಮನ್ನು ಯಾರು ತೊಳೆಯುತ್ತಾರೆಂದು ಹೇಳಬಲ್ಲ ಗಂಡಸರು ನಿಮ್ಮ ಕಚೇರಿಯಲ್ಲಿ ಎಷ್ಟು ಮಂದಿ ಇದ್ದಾರೆ?

ಈಗಿನ ಸಂಗತಿ ಕೇಳಿ. ಅಣ್ಣನ ಮಗ ಪಾಳಿ ಮುಗಿಸಿ ಬರುವುದು ಸಂಜೆ ಆರಕ್ಕೆ. ಅಲ್ಲಿಯವರೆಗೆ ಅಣ್ಣನನ್ನು ಶೌಚಕ್ಕೆ ಎತ್ತುವವರಿಲ್ಲ. ಸೊಸೆ ಹತ್ತಿರ ಬಂದರೆ ಗೋಡೆಯ ಕಡೆ ಮುಖ ತಿರುಗಿಸುತ್ತಾನೆ. ಹಾಗಾಗಿ ಹಗಲು ನೀರು ಕುಡಿಯುವುದನ್ನೇ ಬಿಟ್ಟಿದ್ದಾನೆ. "ಬಾಯಾರಿಕೆನೇ ಆಗಲ್ಲ ಕಣೋ ಈಗ," ಎನ್ನುತ್ತಾನೆ, ಒಣಗಿದ ತುಟಿ ನೆಕ್ಕುತ್ತ. ಎರಡು ತಿಂಗಳಲ್ಲಿ ಎರಡು ಸಲ ಮೂತ್ರದ ಸೋಂಕು. ಮತ್ತೊಮ್ಮೆ ಬಂದರೆ ಮೂತ್ರಪಿಂಡ ಉಳಿಯುವುದು ಕಷ್ಟ ಎಂದಿದ್ದಾರೆ ವೈದ್ಯರು. ಮುಚ್ಚಿದ ಅಂಗಡಿಯಲ್ಲಿ ಯಾರದೋ ಕೋಟು ಒಂದೇ ತೋಳಿನಲ್ಲಿ ನೇತಾಡುತ್ತಿದೆ.

ಸಹಾಯಕನನ್ನು ನಾಳೆಯೇ ಕಳುಹಿಸಿ. ಆಮೇಲೆ ಬೇಕಿದ್ದರೆ ಮತ್ತೆ ಸಮೀಕ್ಷೆ ಮಾಡಿ. ಆದರೆ ಗಂಡಸೊಬ್ಬರು ಬರಲಿ, ಮನೆಯವರನ್ನು ಹೊರಗೆ ಕೂರಿಸಲಿ, ಬಾಗಿಲು ಮುಚ್ಚಿ ಕೇಳಲಿ. ಮೊದಲ ಉತ್ತರವನ್ನು ಬರೆದುಕೊಳ್ಳದೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿರಲಿ.

ಮುಂದಿನ ತಿಂಗಳು ನನ್ನ ಸರದಿಯಂತೆ. ದಯವಿಟ್ಟು ನನ್ನ ಮಗಳು ಕಾಲೇಜಿಗೆ ಹೋದ ಮೇಲೆ ಬನ್ನಿ. ಅವಳೆದುರು ಕೇಳಿದರೆ ನಾನೂ ನಿಜ ಹೇಳುವವನಲ್ಲ.

ಇಂತಿ,
ನಿಮ್ಮ ಕಡತದಲ್ಲಿ ಸದ್ಯಕ್ಕೆ ಗಟ್ಟಿಮುಟ್ಟಾಗಿರುವವನು