ಕಿಟಕಿ ಪಕ್ಕದ ಮೇಜು

ಮನೆಯಿಂದ,
ಹನ್ನೊಂದನೇ ತಾರೀಖು, ಗುರುವಾರ

ಮುದ್ದಿನ ಮಗಳೇ,

ಹಡಗಿನ ಅಡುಗೆಮನೆಯಲ್ಲಿ ಸುಟ್ಟುಕೊಂಡ ಮೊಣಕೈ ಮಾಯ್ದಿದೆಯೇ? ಮುಲಾಮು ಮರೆಯಬೇಡ. ಊರವರ ಹೊಟ್ಟೆ ನೋಡುವ ಭರದಲ್ಲಿ ಸ್ವಂತ ಮೈ ನೋಡಿಕೊಳ್ಳುವ ಪೈಕಿಯವಳಲ್ಲ ನೀನು. ನನ್ನ ಮಂಡಿ ಅದರ ಪಾಡಿಗೆ ಅದಿದೆ.

ನಿನ್ನ ಮಗ ಗುಬ್ಬಿ ಈಗ ಹೊಟ್ಟೆ ತುಂಬ ಉಣ್ಣುತ್ತಾನೆ. "ನಾನು ಹುಡುಗಿ ಅಲ್ಲ ಅಜ್ಜಿ, ಹುಡುಗ" ಎಂದು ಅವನು ಬಾಯಿಬಿಟ್ಟು ಹೇಳಿದ ವರ್ಷ ಎಷ್ಟು ಸೊರಗಿದ್ದ, ನಿನಗೆ ಗೊತ್ತು. ಅವರ ಶಾಲೆಯ ಊಟದ ಕೋಣೆಯಲ್ಲಿ ಕಿಟಕಿ ಪಕ್ಕದ ಮೇಜು ಫುಟ್‌ಬಾಲ್ ಹುಡುಗರದು, ನಡುವಿನವು ಅವರು ಮೆಚ್ಚಿದ ಹುಡುಗಿಯರದು, ಕೈತೊಳೆಯುವ ತೊಟ್ಟಿಯ ಪಕ್ಕದ್ದು ಯಾರಿಗೂ ಬೇಡದವರದು; ಆ ವರ್ಷ ಗುಬ್ಬಿ ಕೂತದ್ದು ಅಲ್ಲೇ. ಬರೆದಿಟ್ಟ ನಿಯಮವಲ್ಲ, ಆದರೂ ಯಾರೂ ಮೀರುವುದಿಲ್ಲ. ನಮ್ಮ ಕಾಲದಲ್ಲಿ ಅಪ್ಪನ ಕೆಲಸ ನೋಡಿ ಬೆಂಚು ಕೊಡುತ್ತಿದ್ದರು. ಕಸ ಗುಡಿಸುವವರ ಮಗಳೆಂದು ಐದು ವರ್ಷ ಹಿಂದಿನ ಗೋಡೆಗೆ ಒರಗಿ ಕೂತವಳು ನಾನು. ಆ ಗೋಡೆಯ ಥಂಡಿ ಇನ್ನೂ ಬೆನ್ನಿನಲ್ಲಿದೆ. ಅದಕ್ಕೇ ಗುಬ್ಬಿಯನ್ನು ಹುಡುಗರ ಜೊತೆ ಸೇರಿಸಿಕೊಳ್ಳಿ ಎಂದು ಹೆಡ್‌ಮಾಸ್ಟರಿಗೆ ನಾಲ್ಕು, ಪತ್ರಿಕೆಗೆ ಎರಡು ಪತ್ರ ಬರೆದು ಜಗಳಕ್ಕೆ ನಿಂತೆ. ಗುಬ್ಬಿ ಹುಡುಗರ ಫುಟ್‌ಬಾಲ್ ತಂಡ ಸೇರಿದ, ಕಿಟಕಿ ಪಕ್ಕ ಜಾಗ ಸಿಕ್ಕಿತು. ಗೆದ್ದೆ ಅಂದುಕೊಂಡೆ.

ಹೋದ ವಾರ ಅವನು ಮರೆತ ಕನ್ನಡಕ ಕೊಡಲು ಹೋಗಿ ಊಟದ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ದರ್ಜಿಯ ಮಗ ತಟ್ಟೆ ಹಿಡಿದು ಹೋಗುತ್ತಿದ್ದ. ಮೆದು ಮಾತಿನ, ಕಸೂತಿ ಹಾಕುವ ಹುಡುಗ. ತೊಟ್ಟಿಯ ಪಕ್ಕ ಇಡೀ ವರ್ಷ ಗುಬ್ಬಿಯ ಜೊತೆ ಕೂತವನು ಅವನೊಬ್ಬನೇ. "ಏ ಟೈಲರಮ್ಮಾ, ಸೊಂಟ ಬಳುಕಿಸದೆ ನಡಿಯೋಕೆ ಬರಲ್ವೇನಮ್ಮಾ?" ಮೇಜಿಗೆ ಮೇಜೇ ಬಿದ್ದು ಬಿದ್ದು ನಕ್ಕಿತು. ಕೂಗಿದ್ದು ನಮ್ಮ ಗುಬ್ಬಿ.

ಮನೆಯಲ್ಲಿ ಕೇಳಿದೆ. "ಅವನನ್ನ ನೋಡಿ ನಗದಿದ್ರೆ ನನ್ನ ನೋಡಿ ನಗ್ತಾರೆ. ಅಲ್ಲಿ ಕೂರೋದು ನಾನು ಅಜ್ಜಿ, ನೀನಲ್ಲ" ಎಂದ. ಊರಿಗೆಲ್ಲ ಬುದ್ಧಿ ಹೇಳುವ ನಾನು ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದೆ, ಅಷ್ಟೇ.

ಸಮುದ್ರ ನಿನ್ನನ್ನು ಸುಖವಾಗಿಟ್ಟಿರಲಿ.

ನಿನ್ನ ಅಮ್ಮ

ಇದನ್ನು ಮೊದಲೇ ಬರೆಯಬೇಕಿತ್ತು: ಸೋಮವಾರದಿಂದ ಆ ಹುಡುಗ ಶಾಲೆಗೆ ಹೋಗಿಲ್ಲ. ಬೆಳಿಗ್ಗೆ ದರ್ಜಿ ಬಂದಿದ್ದರು, ಅಳತೆ ಟೇಪು ಕೊರಳಲ್ಲೇ ಇತ್ತು. "ಏನ್ ಕೇಳಿದ್ರೂ ಹೇಳ್ತಿಲ್ಲ ಅಮ್ಮಾ. ನಿಮ್ಮ ಗುಬ್ಬಿ ಅವನ ಗೆಳೆಯ ಅಲ್ವಾ, ಯಾರು ಏನಂದ್ರು ಅಂತ ಸ್ವಲ್ಪ ವಿಚಾರಿಸ್ತೀರಾ?" ಗುಬ್ಬಿ ಬಾಗಿಲ ಹಿಂದೆ ಕೇಳಿಸಿಕೊಳ್ಳುತ್ತ ನಿಂತಿದ್ದ. ನಾನು ನಿಜ ಹೇಳಿಬಿಟ್ಟರೆ ಗುಬ್ಬಿ ಮತ್ತೆ ತೊಟ್ಟಿಯ ಪಕ್ಕಕ್ಕೆ. ವಿಚಾರಿಸುತ್ತೇನೆ ಎಂದೆ. ನಾಳೆ ಅವರು ಮತ್ತೆ ಬರುತ್ತಾರೆ. ಈ ಪತ್ರ ನಿನ್ನ ಕೈ ಸೇರುವ ಹೊತ್ತಿಗೆ ಅವರಿಗೆ ಏನೋ ಒಂದು ಹೇಳಿರುತ್ತೇನೆ.