ಪುರಾನಾ, ಪುರಾನೀ

ಖುರ್ಷೀದಾ ಖಾಲಾ,

ಇವತ್ತು ನಿಮ್ಮ ಮಗ ಅಬ್ರಾರ್ ನಮ್ಮ ಸೈಟ್ ಆಫೀಸಿಗೆ ಬಂದಿದ್ರು. ನೀವು ಹೆಬ್ಬೆಟ್ಟು ಒತ್ತಿದ ಫಾರಂ ಹುಡುಕಿಸಿ, "ನಂಗೆ ಕನ್ನಡ ಓದಕ್ಕೆ ಬರಲ್ಲ, ನೀವೇ ಓದಿ ಮೇಡಂ" ಅಂತ ನನ್ನ ಕೈಗೇ ಕೊಟ್ರು.

ಹಲಸೂರು ಕೆರೆ ಪಕ್ಕದ ಆ ಬ್ರಿಟಿಷ್ ಕಾಲದ ಹೋಟೆಲನ್ನ ಹೊಸದಾಗಿ ಕಟ್ಟೋಕೆ ನೆಲ ಅಗೀತಿದ್ರಲ್ಲ, ಹಿಂದಿನ ಗಲ್ಲಿಯವರಿಗೆ ತೊಂದರೆ ಆಗ್ಬಾರ್ದು ಅಂತ ಮನೆಮನೆಯ ಬಿರುಕು ಬರ್ಕೊಳ್ಳೋಕೆ ನನ್ನ ಕಳಿಸಿದ್ರು. ಯಾದಗಿರಿಯವಳು, ನಿಮ್ಮ ಉರ್ದು ಬರುತ್ತೆ ಅಂತಲೇ ಈ ಕೆಲಸ ಸಿಕ್ಕಿದ್ದು. ಹೊಸ ಬಿರುಕಾದ್ರೆ ಮೇಲೊಂದು ಗಾಜಿನ ಪಟ್ಟಿ ಅಂಟಿಸ್ತಾರೆ. ಗೋಡೆ ಅಲುಗಿ ಗಾಜು ಒಡೆದ್ರೆ ಅಗೆತ ನಿಲ್ಲಿಸ್ತಾರೆ. ಹಳೇ ಬಿರುಕಿಗೆ ಅಂಟಿಸಲ್ಲ.

ನಿಮ್ಮ ಮನೆ ಗೋಡೆಯ ಬಿರುಕು ತೋರಿಸಿ ಎಷ್ಟು ದಿನದ್ದು ಅಂತ ಕೇಳಿದೆ. ನೀವು ಚಹಾ ಸೋಸ್ತಾ, "ಪುರಾನಾ ಹೈ ಬೇಟಿ, ಮೇರೆ ಸಸುರ್ ಕಾ" ಅಂದ್ರಿ. ಹಳೇದು ಮಗಳೇ, ನಮ್ಮ ಮಾವಂದು ಅಂತ ನೀವು ಹೇಳಿದ್ದು ಮನೆ ಬಗ್ಗೆ. ನಿಮ್ಮ ಮಾತಲ್ಲಿ ಮನೆ ಗಂಡು, ಬಿರುಕು ಹೆಣ್ಣು; ಬಿರುಕಾಗಿದ್ರೆ ಪುರಾನೀ ಅಂತಿದ್ರಿ, ಅದು ನನಗೆ ಗೊತ್ತು. ಬಿರುಕಿನೊಳಗೆ ಸುಣ್ಣ ಇನ್ನೂ ಬೆಳ್ಳಗಿತ್ತು, ಹೊಸ ಬಿರುಕಿನ ಗುರುತು, ಅದನ್ನೂ ನೋಡ್ದೆ. ಆದ್ರೆ ಇನ್ನೂ ಹನ್ನೊಂದು ಮನೆ ಬಾಕಿ ಇದ್ವು. ಚಹಾ ಕುಡಿದು, ಫಾರಂನಲ್ಲಿ ಹಳೆಯದು ಅಂತ ಬರ್ಕೊಂಡು, ನಿಮ್ಮ ಹೆಬ್ಬೆಟ್ಟು ಒತ್ತಿಸಿ ಎದ್ದೆ.

ಆ ಗೋಡೆ ನಿಮ್ಮ ಮೇಲೆ ಬಿದ್ದು ಇವತ್ತಿಗೆ ಒಂಬತ್ತು ದಿನ.

ಅಬ್ರಾರ್‌ಗೆ ಓದಿ ಹೇಳಿದೆ: "ಬಿರುಕು ಹಳೆಯದು."

"ಅಮ್ಮೀನೇ ಹಂಗಂದ್ರಾ?"

"ಹೌದು."

ಅವರು ನಿಮ್ಮ ಹೆಬ್ಬೆಟ್ಟಿನ ಗುರುತನ್ನ ಬೆರಳಲ್ಲಿ ಸವರಿದ್ರು. ಆಮೇಲೆ ಎದ್ದು ನನಗೆ ಸಲಾಂ ಮಾಡಿದ್ರು.

"ಹಂಗಾದ್ರೆ ನಿಮ್ದೇನೂ ತಪ್ಪಿಲ್ಲ ಮೇಡಂ. ಅಮ್ಮೀನೇ ತಪ್ಪು ಹೇಳಿದಾರೆ."

ರೇವತಿ